ಗೋಡೆಯಾಚೆಯ ನೀಲಿ

ಅಕ್ಕಿಗಂಜಿಗೆ ನೀಲಿ ಕಲಸಿದರೆ ಒಂದು ವಾಸನೆ ಏಳುತ್ತದೆ, ಸ್ವಲ್ಪ ಹುಳಿ, ಸ್ವಲ್ಪ ತಂಪು. ಮೆಹಕರದ ಮನೆಯ ಹಿತ್ತಲಲ್ಲಿ, ಬುದ್ಧಪೂರ್ಣಿಮೆಯ ಹಿಂದಿನ ದಿನ, ತಾಯಿ ಶೇವಂತಾಬಾಯಿ ಬಿಳಿ ಸೀರೆ ಅದ್ದಿ ಹಿಂಡುವಾಗ ಬರುತ್ತಿದ್ದ ವಾಸನೆ ಅದು. ಅರವತ್ತೇಳರ ಸುಮನಬಾಯಿ ಈಗ ಬೀದರಿನ ತನ್ನ ಮನೆಯ ಬಚ್ಚಲಲ್ಲಿ ನಾಳೆಗೆಂದು ಸೀರೆಗೆ ನೀಲಿ ಹಾಕುತ್ತಿದ್ದಳು. ವಾಸನೆ ಮೂಗಿಗೆ ಬಡಿದಾಗ ತಾಯಿಗಿಂತ ಮೊದಲು ಅವಳಿಗೆ ಅಂಗಳದ ಹೂಪಾತಿ ನೆನಪಾಯಿತು. ಅದರಲ್ಲಿ ನೀಲಿಯೇ ಇರಲಿಲ್ಲ.

ಕಾಲೇಜಿನ ಗ್ರಂಥಾಲಯದಿಂದ ನಿವೃತ್ತಳಾದ ಮೇಲೆ ಅವಳಿಗೆ ಗಿಡಗಳದೇ ಹುಚ್ಚು. ಈ ಬೇಸಿಗೆ ಬೌದ್ಧರ ಪಂಚಶೀಲ ಧ್ವಜದ ಐದು ಬಣ್ಣಗಳನ್ನು ಹೂಗಳಲ್ಲೇ ತರಬೇಕೆಂದು ಹೊರಟಿದ್ದಳು. ಗೇಟಿನ ಕಡೆಯಿಂದ ನೀಲಿಗೆ ಶಂಖಪುಷ್ಪ, ಆಮೇಲೆ ಹಳದಿ ಚೆಂಡುಹೂ, ಕೆಂಪು ಕೋಳಿಜುಟ್ಟು, ಬಿಳಿ ನಿತ್ಯಪುಷ್ಪ, ಕೊನೆಗೆ ಪಕ್ಕದ ಮನೆಯ ಗೋಡೆಗೆ ತಾಗಿ ಕೇಸರಿ ಅಬ್ಬಲಿಗೆ. ಮೇ ತಿಂಗಳ ಬಿಸಿಲಿಗೆ ಬೇರೆಲ್ಲ ಬಣ್ಣ ಬಿಳಚಿಕೊಂಡರೂ ಕೋಳಿಜುಟ್ಟಿನ ಮಖಮಲ್ಲು ಬಿಸಿಲು ಏರಿದಷ್ಟೂ ಗಾಢವಾಗುತ್ತಿತ್ತು. ಅದರ ಮಗ್ಗುಲಿಗೇ ಬಿಳಿ ಹೂ ಕಂಡರೆ ಉರಿಯುವ ಕಣ್ಣಿಗೆ ತಣ್ಣೀರು ಸಿಂಪಡಿಸಿದಂತೆ. ಇಳಿಹೊತ್ತಿಗೆ ಅಬ್ಬಲಿಗೆ ಕೆಂಡದ ಬಣ್ಣ ತಾಳುತ್ತಿತ್ತು. ಸುಮನಬಾಯಿ ಕುರ್ಚಿ ಹಾಕಿಕೊಂಡು ಚಹಾ ಆರುವವರೆಗೂ ನೋಡುತ್ತ ಕೂರುತ್ತಿದ್ದಳು.

ಆ ಭರದಲ್ಲೇ ಭಾಲ್ಕಿಯ ಗೆಳತಿ ಮಹಾಮಾಯಾಗೆ ಫೋನಿನಲ್ಲಿ, "ಐದೂ ಬಣ್ಣ ಅರಳ್ಯಾವ, ಪೌರ್ಣಿಮಿ ದಿನ ನಿಮ್ಮ ಮಹಿಳಾ ಮಂಡಳದವರನ್ನೆಲ್ಲ ಕರಕೊಂಡು ಬಾ," ಎಂದು ಕೊಚ್ಚಿಕೊಂಡಿದ್ದಳು. ಅದಾದ ಮೇಲೆ ತಂಗಿಗೆ ಹುಷಾರಿಲ್ಲವೆಂದು ನಾಲ್ಕು ದಿನ ಭಾಲ್ಕಿಗೆ ಹೋಗಬೇಕಾಯಿತು. ಅವಸರದಲ್ಲಿ ನೀರು ಹಾಕಲು ಯಾರಿಗೂ ಹೇಳಲಿಲ್ಲ. ಮರಳಿ ಬಂದು ನೋಡಿದರೆ ನಾಲ್ಕು ಬಣ್ಣ ಹೇಗೋ ಉಳಿದಿದ್ದವು. ಗಟ್ಟಿ ಗಿಡಗಳು, ಅಂದುಕೊಂಡಳು. ಗೇಟಿನ ಹತ್ತಿರದ ಶಂಖಪುಷ್ಪ ಮಾತ್ರ ಸುಟ್ಟ ದಾರದಂತೆ ಕೋಲಿಗೆ ಅಂಟಿತ್ತು.

ಪಕ್ಕದ ಮನೆ ಶಾಕಿರಾ ಬೇಗಂ ಅವರದು. ಅವರ ಗೋಡೆಯ ಒಳಮೈ ತುಂಬ ಅದೇ ಶಂಖಪುಷ್ಪದ ಬಳ್ಳಿ, ಎಲೆಗಿಂತ ಹೂವೇ ಹೆಚ್ಚು. ಔರಾದಿಗೆ ಮದುವೆಯಾಗಿ ಹೋದ ಮಗಳು ಜೇಬಾ ಕೊಟ್ಟ ಬೀಜ. ಜೇಬಾಳ ಹಳೆ ಗುಲಾಬಿ ದುಪಟ್ಟಾ ಹರಿದು, ಆ ಚಿಂದಿಯಿಂದ ಬಳ್ಳಿಯನ್ನು ಮೊಳೆಗಳಿಗೆ ಕಟ್ಟಿದ್ದರು. ನಿನ್ನೆ ಮಗಳ ಮನೆಗೆ ಹೊರಡುವಾಗ ಗೇಟಿನ ಕೀಲಿಕೈ ಸುಮನಬಾಯಿಯ ಕೈಯಲ್ಲಿಟ್ಟು, "ಬಳ್ಳಿಗಿ ಎರಡೂ ಹೊತ್ತು ನೀರ್ ಹಾಕ್ರಿ ಬಾಯಿ. ನಿಮ್ಮ ಭರೋಸಾದ ಮ್ಯಾಲ ಬಿಟ್ಟು ಹೋಗ್ತೇನಿ," ಎಂದಿದ್ದರು.

ಪೂರ್ಣಿಮೆಯ ಬೆಳಗ್ಗೆ ಸುಮನಬಾಯಿ ಆ ಕೀಲಿಕೈಯಿಂದಲೇ ಗೇಟು ತೆಗೆದಳು. ಒಂದು ಕೈಯಲ್ಲಿ ನೀರಿನ ಕೊಡ, ಇನ್ನೊಂದರಲ್ಲಿ ಕತ್ತರಿ. ಮೇಲಿನ ನಾಲ್ಕು ಕವಲು ಸಾಕು, ಮತ್ತೆ ಚಿಗುರುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಕವಲುಗಳ ಮೂಲ ಹುಡುಕುತ್ತ ದಟ್ಟ ಎಲೆಗಳ ನಡುವೆ ಕೆಳಗೆ ಕೈಹಾಕಿ ಕತ್ತರಿಸಿದಾಗ ಇಡೀ ಬಳ್ಳಿ ಕಟ್ಟುಗಳಲ್ಲೇ ಸಡಿಲವಾಗಿ ತೋಳ ಮೇಲೆ ಒರಗಿತು. ಕತ್ತರಿ ಬಿದ್ದದ್ದು ಬುಡದ ಕಾಂಡಕ್ಕೆ.

ಆಮೇಲೆ, ಹೇಗೂ ಆದದ್ದಾಯಿತೆಂದು, ಗುಲಾಬಿ ಚಿಂದಿಗಳನ್ನು ಒಂದೊಂದಾಗಿ ಬಿಚ್ಚಿ ಬಳ್ಳಿಯನ್ನೆಲ್ಲ ತಂದಳು. ನೀರು ತುಂಬಿದ ಬಾಟಲಿಗಳನ್ನು ಪಾತಿಯಲ್ಲಿ ಹೂತು, ಬಳ್ಳಿಯನ್ನು ತುಂಡುಮಾಡಿ ಕತ್ತರಿಸಿದ ತುದಿಗಳನ್ನು ಅವುಗಳಲ್ಲಿ ಇಳಿಸಿ, ಕೋಲಿಗೆ ಹಬ್ಬಿಸಿದಳು. ನೀಲಿ ಬಂತು. ಹಳದಿಯ ಪಕ್ಕ ಅದು ಎಷ್ಟು ಚೆಂದ ಕಂಡಿತೆಂದರೆ ಅವಳಿಗೇ ನೋಡಲಾಗಲಿಲ್ಲ.

ಹತ್ತು ಗಂಟೆಗೆ ಬಿಳಿ ಸೀರೆಗಳ ಹಿಂಡು ಬಂತು.

"ಅಯ್ಯ, ಸುಮನ! ಇದೇನು ಹೂವೋ, ಹಾಸಿದ ಝಂಡಾನೋ!" ಮಹಾಮಾಯಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಮ್ಮ ಭಾಲ್ಕಿಯಾಗ ಈ ಬಿಸಿಲಿಗಿ ಮನಷ್ಯಾರೇ ಬಾಡ್ಯಾರ. ನಿನ್ನ ನೀಲಿ ಹ್ಯಾಂಗ ಉಳೀತು?"

ಅದೇ ಹೊತ್ತಿಗೆ ಗೇಟಿನಲ್ಲಿ ಶಾಕಿರಾ ಬೇಗಂ ಕಾಣಿಸಿದರು. ಔರಾದಿನ ಮೊದಲ ಬಸ್ಸು ಹಿಡಿದು ಬಂದಿದ್ದರು, ಕೈಯಲ್ಲಿ ಚೀಲ, ಮುಖದ ತುಂಬ ಬೆವರು. "ನಿಮ್ಮ ಹೂ ನೋಡ್ಲಿಕ್ಕಂತ ಲಗು ಬಂದೇನ್ರಿ ಬಾಯಿ," ಎಂದು ನಕ್ಕರು.

ಮಹಾಮಾಯಾಳ ಪ್ರಶ್ನೆಗೆ ಸುಮನಬಾಯಿಯ ನಾಲಿಗೆ ತಾನಾಗಿಯೇ ಆಡಿತು. "ಬೀಜ ಹಾಕಿ ಬೆಳಸೀನಿ. ಎರಡು ತಿಂಗಳ ಆತು."

ಶಾಕಿರಾ ಬೇಗಂ ಪಾತಿಯ ಹತ್ತಿರ ಬಂದರು. ಹೂವನ್ನು ಮೂಸುವವರಂತೆ ಬಾಗಿ, ಎಲೆಗಳ ಕೆಳಗಿಂದ ಏನನ್ನೋ ಬಿಚ್ಚಿ ಮುಷ್ಟಿಯಲ್ಲಿ ಮುಚ್ಚಿಕೊಂಡರು. ಬೆರಳಸಂದಿಯಿಂದ ಗುಲಾಬಿ ಬಟ್ಟೆಯ ಚೂರು ಇಣುಕಿತು. ಸುಮನಬಾಯಿ ಬಿಚ್ಚಲು ಮರೆತ ಚಿಂದಿ. ಬೇರೆ ಯಾರೂ ಅದನ್ನು ನೋಡಲಿಲ್ಲ.

"ಭಾಳ ಚಂದ ಅದ," ಎಂದು ಹೆಂಗಸರಿಗೆ ಹೇಳಿ ಅವರು ಹೊರಟುಹೋದರು.

ಮಧ್ಯಾಹ್ನ ಅತಿಥಿಗಳು ಹೋದರು. ಸುಮನಬಾಯಿ ಒಲೆ ಹಚ್ಚಲಿಲ್ಲ. ಸಂಜೆಗೆ ನೀಲಿ ಹೂಗಳು ಒದ್ದೆ ಕಾಗದದಂತೆ ಮುದುಡಿದವು. ಗೋಡೆಯಾಚೆ ಕಸ ಗುಡಿಸುವ ಸದ್ದು ಕೇಳಿದಾಗ, ಶಾಕಿರಾ ಬೇಗಂ ಕೇಳುವ ಮೊದಲು ತಾನೇ ಹೇಳಿಬಿಡೋಣವೆಂದು ಎದ್ದಳು. ಆದರೆ ಬಾಯಿಂದ ಬಂದದ್ದು ಬೇರೆ.

"ಆಪಾ, ನಿಮ್ಮ ಬಳ್ಳಿ... ಹುಸೇನನ ಆಡು ಬಂದಿರಬೇಕು ನೋಡ್ರಿ."

ಪೊರಕೆ ನಿಂತಿತು. ಆದರೆ ಉತ್ತರ ಬಂದದ್ದು ರಸ್ತೆಯಿಂದ. ಓಣಿಯಲ್ಲಿ ಆಡು ಮೇಯಿಸುವ ಹುಸೇನ, ಅವನ್ನು ಮನೆಗೆ ಹೊಡೆದುಕೊಂಡು ಹೋಗುತ್ತ, ಅಲ್ಲೇ ಇದ್ದ.

"ನನ್ನ ಆಡಾ? ಗೇಟಿಗಿ ಕೀಲಿ ಇತ್ತಲ್ರಿ ಬಾಯಿ! ಹಾರಿ ಬಂತೇನು?" ಅವನ ದನಿ ಏರಿತು. "ನೀವು ಭಾಲ್ಕಿಗಿ ಹೋದಾಗ ನಾಕು ದಿನ ಆಪಾ ಈ ಗೋಡಿ ಮ್ಯಾಲಿಂದ ಪೈಪ್ ಹಿಡಿದು ನಿಮ್ಮ ಗಿಡಕ್ಕ ನೀರ್ ಬಿಟ್ಟಾರ. ಗೇಟಿನ ತನ ಪೈಪ್ ಮುಟ್ಟಂಗಿಲ್ಲಂತ ಪೇಚಾಡ್ತಿದ್ರು. ಆವಾಗೂ ನನ್ನ ಆಡು ಇಲ್ಲೇ ಮೇಯ್ತಿದ್ದವು. ಒಂದು ಎಲಿ ಮುಟ್ಯಾವೇನು, ಕೇಳ್ರಿ!"

"ನಿನಗ ಯಾರು ಏನಂದ್ರೋ ಹುಸೇನ?" ಶಾಕಿರಾ ಬೇಗಂ ಮೆಲ್ಲಗೆ ಅಂದರು. "ಆಡು ಕತ್ತರಿ ಹಿಡಿಯಂಗಿಲ್ಲ. ನನಗ ಗೊತ್ತದ. ನೀ ಹೋಗು."

ಸುಮನಬಾಯಿ ಪಾತಿಯ ಕಡೆ ತಿರುಗಿದಳು. ಗೋಡೆಯ ಬದಿಯ ಅಬ್ಬಲಿಗೆ ಎಂದಿನಂತೆ ಕೆಂಡವಾಗಿತ್ತು. ನೀರುಂಡ ಗಿಡ. ಪೈಪು ಮುಟ್ಟದಿದ್ದುದು ನೀಲಿಯೊಂದಕ್ಕೇ.

"ನಿಲ್ಲೋ ಹುಸೇನ," ಎಂದಳು. "ಆಡಲ್ಲ. ನಾನೇ ಕತ್ತರಿಸೀನಿ. ಸುಳ್ಳು ಹೇಳ್ದೆ. ಬಂದವರ ಮುಂದೂ ಹೇಳ್ದೆ, ಈಗ ನಿನ್ನ ಮ್ಯಾಲೂ ಹಾಕ್ದೆ."

ಹುಸೇನ ಅವಳ ಮುಖ ನೋಡಿ ಆಡುಗಳನ್ನು ಹೊಡೆದುಕೊಂಡು ಹೋದ.

ಅವಳು ಶಾಕಿರಾ ಬೇಗಂ ಅವರ ಗೇಟಿಗೆ ಹೋಗಿ ನಿಂತಳು. ಖಾಲಿ ಗೋಡೆಯ ಮೇಲೆ ಮೊಳೆಗಳಷ್ಟೇ ಉಳಿದಿದ್ದವು.

"ಒಂದ್ ಮಾತು ಕೇಳಿದ್ರ ನಾನೇ ಕೊಯ್ದು ಕೊಡ್ತಿದ್ದೆನಲ್ರಿ ಬಾಯಿ," ಎಂದರು ಶಾಕಿರಾ ಬೇಗಂ.

"ಕೇಳಿದ್ರ ನನ್ನ ಬಣ್ಣ ನಾಕೇ ಅಂತ ಒಪ್ಪಿಕೋಬೇಕಾಗ್ತಿತ್ತು, ಆಪಾ."

ಸುಮನಬಾಯಿ ಕೀಲಿಕೈ ಚಾಚಿದಳು. ಬೇಡ, ಇರಲಿ ಅನ್ನಬಹುದೆಂಬ ಆಸೆ ಒಳಗೆಲ್ಲೋ ಇತ್ತು. ಶಾಕಿರಾ ಬೇಗಂ ಅದನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದರು. ತನ್ನನ್ನು ಕಳಿಸಿದಂತೆಯೇ ಎಂದು ಅವಳು ತಿರುಗುವಷ್ಟರಲ್ಲಿ ಮತ್ತೆ ಹೊರಗೆ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಬಗಾರಾ ಅನ್ನ, ಬದನಿಕಾಯಿ. ಇವತ್ತು ನಿಮ್ಮ ಪೌರ್ಣಿಮಿ, ಮಾಂಸ ತಿನ್ನಂಗಿಲ್ಲಂತ ಜೇಬಾ ಬ್ಯಾರೆ ಗಡಗಿಯಾಗ ಮಾಡ್ಯಾಳ. ಬಿಸಿ ಮಾಡೀನಿ."

ಕೀಲಿಕೈ ಬಿಟ್ಟುಕೊಟ್ಟ ಅದೇ ಅಂಗೈಯ ಮೇಲೆ ಅವರು ಡಬ್ಬಿಯನ್ನಿಟ್ಟರು.