ಅರ್ಧ ಗುಳಿಗೆ

"ಸೋಪು ಎಲ್ಲೈತಿ ವದಿನಾ? ಲಗೂನ ಕೊಡು," ಎಂದು ನಾದಿನಿ ಸ್ರವಂತಿ ಅತ್ತಿಗೆಯತ್ತ ಒದ್ದೆ ಕೈ ಚಾಚಿದಳು.

ನವನೀತಾ ಬಚ್ಚಲ ಗೂಡಿನಿಂದ ತಂದುಕೊಟ್ಟದ್ದು ಸೋಪಲ್ಲ, ಸೋಪುಗಳ ಉಂಡೆ. ಸವೆದುಳಿದ ಹಸಿರು, ಗುಲಾಬಿ, ಬಿಳಿ ಚೂರುಗಳನ್ನು ನೆನೆಸಿ, ಅಂಗೈಯಲ್ಲಿ ಒತ್ತಿ ಮಾಡಿದ್ದು. ಒತ್ತಿದವಳು ಈಗ ಅಂಗಳದ ಹಲಗೆಯ ಮೇಲೆ ಮಲಗಿದ್ದಳು, ಅತ್ತೆ ಬುಚ್ಚಮ್ಮ.

ಗದ್ವಾಲದಿಂದ ಬೆಳಗಿನ ಬಸ್ಸಿಗೆ ಬಂದಾಗಿನಿಂದ ಸ್ರವಂತಿ ಬಿಗಿಹಿಡಿದಿದ್ದ ಅಳು ಆಗ ಒಡೆಯಿತು. "ಕಡೀ ಸ್ನಾನಕ್ಕಾದ್ರೂ ನಮ್ಮವ್ವಗ ಒಂದು ಹೊಸಾ ಸೋಪು ಸಿಗಲಿಲ್ಲೇನು?"

"ಹೊಸಾದು ಒಡದ್ರ ಎದ್ದು ಕುಂತು ಬೈತಾಳವ್ವ," ಎಂದಳು ಅರಿಶಿನ ಕಲಸುತ್ತಿದ್ದ ನೆರೆಮನೆಯ ಚನ್ನವೀರಮ್ಮ. ಅಳುತ್ತಿದ್ದವರಲ್ಲಿ ಇಬ್ಬರು ನಕ್ಕರು. ಮಾತು ಹೊರಟಿತು. ಹುಣಸೆ ಹಿಂಡಿದ ಚರಟವನ್ನು ಎಸೆಯದೆ ತಾಮ್ರ ಬೆಳಗುವುದನ್ನು ಓಣಿಗೆ ಕಲಿಸಿದವಳು ಬುಚ್ಚಮ್ಮ. ಕಲ್ಲಂಗಡಿ ಸಿಪ್ಪೆಯ ಪಲ್ಯ ಮಾಡಿ, ಸೋರೆಕಾಯಿ ಎಂದು ಉಣ್ಣಿಸಿದವಳೂ ಅವಳೇ. ಚನ್ನವೀರಮ್ಮನ ಮೊಮ್ಮಗಳ ಮದುವೆಗೆ ಹಳೆಯ ರೇಷ್ಮೆ ಸೀರೆಯ ಅಂಚು ಬಿಚ್ಚಿ ಸಾದಾ ಸೀರೆಗೆ ಕೂಡಿಸಿ ಕೊಟ್ಟಿದ್ದಳು.

"ಬೀಗರಿಗೆ ಇವತ್ತಿಗೂ ಗೊತ್ತಿಲ್ಲ," ಎಂದು ಚನ್ನವೀರಮ್ಮ ಕಣ್ಣೊರೆಸಿಕೊಂಡಳು.

ಸ್ರವಂತಿ ತಾಯಿಯ ಹಣೆಯ ಮೇಲೆ ಕೈಯಿಟ್ಟಳು. "ಗುಳಿಗಿ ದಿನಾ ತಗೋತಿದ್ಳಲ್ಲ ವದಿನಾ? ಮತ್ತ ಬಿ.ಪಿ. ಹೆಂಗ ಏರ್ತು?"

"ತಗೋತಿದ್ರು," ಎಂದಳು ನವನೀತಾ. ಮೂರು ದಿನದ ಹಿಂದೆ ಅತ್ತೆ ಬಿದ್ದಾಗ ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗಲೂ ಇಷ್ಟೇ ಹೇಳಿದ್ದಳು.

ಗೋಡೆಗೆ ಆತು ನಿಂತಿದ್ದ ಹುಸೇನಮ್ಮ ಮಾತ್ರ ಹೆಣದ ಹತ್ತಿರ ಬರಲಿಲ್ಲ. ಹೊಲದ ಕೂಲಿ ಮುಗಿಸಿಕೊಂಡು ಬಂದು, ಇಪ್ಪತ್ತು ವರ್ಷ ಪ್ರತಿ ಸಂಜೆ ಬುಚ್ಚಮ್ಮನ ಪಕ್ಕ ಕೂತು ಮಗ್ಗಕ್ಕೆ ನೂಲು ಸುತ್ತಿದವಳು. ಅವಳ ಕಣ್ಣು ನವನೀತಾಳ ಮೇಲೇ ನೆಟ್ಟಿತ್ತು. ಇವಳಿಗೆ ಗೊತ್ತಿದೆಯೇ? ನವನೀತಾ ಕೊಡದಲ್ಲಿ ನೀರಿದ್ದರೂ ಇನ್ನೊಂದು ಕೊಡ ತರಲು ಎದ್ದಳು.

*

ಹೋದ ದೀಪಾವಳಿ ಮುಗಿದ ವಾರ. ನವನೀತಾ ಅಡುಗೆಮನೆಗೆ ಬಂದಾಗ ಬುಚ್ಚಮ್ಮ ಅಡಕೊತ್ತಿನಲ್ಲಿ ಏನನ್ನೋ ಕತ್ತರಿಸುತ್ತಿದ್ದಳು. ಅಡಿಕೆಯಲ್ಲ, ಬಿ.ಪಿ. ಗುಳಿಗೆ.

"ಅರ್ಧ ಯಾಕ್ರಿ ಅತ್ತಿ?"

"ಸೋಪಿನ ಪುಡಿ ಎರಡು ಚಮಚ ಹಾಕ್ರಿ ಅಂತ ಪಾಕೀಟಿನ ಮ್ಯಾಲ ಬರ್ದಿರ್ತಾರ. ನಾವು ಒಂದ ಹಾಕ್ತೀವಿ. ಬಟ್ಟಿ ಬೆಳ್ಳಗ ಆಗಂಗಿಲ್ಲೇನು?"

"ಇದು ಬಟ್ಟಿ ಅಲ್ಲಲ್ರಿ."

"ಮೈನೂ ಅಷ್ಟ. ರೂಢಿ ಮಾಡಿದಂಗ."

ಗುಳಿಗೆ ಸರ್ಕಾರಿ ದವಾಖಾನೆಯದು, ಪುಕ್ಕಟೆ. ನಾರಾಯಣಪೇಟೆಯ ಬಸ್ಸೂ ಹೆಂಗಸರಿಗೆ ಪುಕ್ಕಟೆ. ಪುಕ್ಕಟೆ ಬಂದದ್ದನ್ನು ಉಳಿಸಿ ಏನು ಮಾಡುತ್ತಾಳೆ? ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಹಾಲು ಉಕ್ಕಿತು, ಮಗಳು ಅಖಿಲಾ ಜಡೆ ಹಾಕೆಂದು ಕೂಗಿದಳು. ಅದೂ ಅಲ್ಲದೆ, ಎಣ್ಣೆ, ಸಕ್ಕರೆ, ಬೆಂಕಿಕಡ್ಡಿ ಎಂದು ಅತ್ತೆಯ ಜೊತೆ ವಾದಿಸಿ ಸೋತು ಅವಳಿಗೆ ಸಾಕಾಗಿತ್ತು. ನಕ್ಕು ಸುಮ್ಮನಾದಳು.

*

ನವನೀತಾಳ ಗಂಡ ಗಣೇಶ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಗಂಡಸರು ಅವನ ತಾಯಿಯನ್ನು ಹೊತ್ತು ಓಣಿ ದಾಟಿದರು. ಹೆಂಗಸರು ಮನೆ ತೊಳೆಯತೊಡಗಿದರು. ತಾಸೆರಡು ಕಳೆಯಿತು; ಅಂಗಳ ಇನ್ನೂ ಬಾಕಿಯಿತ್ತು. ಹುಸೇನಮ್ಮ ಕಸಬರಿಗೆ ಹಿಡಿದವಳು ಎರಡು ಹೆಜ್ಜೆಗೆ ಗೋಡೆಗುಂಟ ಜಾರಿ ಕೂತಳು.

"ಚಿಗವ್ವಾ, ಏನಾತು?"

"ತಲಿ ಗಿರ್ರ್ ಅನ್ನಾಕತ್ತೈತಿ. ಮೂರು ದಿನಾತು, ತಗೊಂಡಿಲ್ಲ."

"ಏನು ತಗೊಂಡಿಲ್ಲ?"

ಹುಸೇನಮ್ಮ ಸುತ್ತ ನೋಡಿ ದನಿ ತಗ್ಗಿಸಿದಳು. "ಗುಳಿಗಿ. ಅಕ್ಕ ದಿನಾ ಅರ್ಧ ಕೊಡ್ತಿದ್ಳು. ಕೂಲಿ ಬಿಟ್ಟು ನೀ ಯಾಕ ದವಾಖಾನ್ಯಾಗ ಪಾಳಿ ಹಚ್ತಿ, ಒಂದ್ರಾಗ ಇಬ್ರಿಗೂ ಆಗ್ತೈತಿ ಅಂದ್ಳು. ನಾನೂ ನುಂಗಿದೆ. ಆಕಿನ್ನ ನಾನ ಕೊಂದೆನೇನು, ಯವ್ವಾ?"

ಕೊನೆಯ ಮಾತು ತೊದಲಿತು. ಬುಚ್ಚಮ್ಮ ಬಿದ್ದ ದಿನವೂ ಮೊದಲು ತೊದಲಿದ್ದು ನಾಲಿಗೆಯೇ. ನವನೀತಾ ಹುಸೇನಮ್ಮನ ತೋಳಿಗೆ ಕೈಹಾಕಿ ಎಬ್ಬಿಸಿದಳು.

"ಎಲ್ಲಿಗಿ ಹೊಂಟಿ?" ಸ್ರವಂತಿ ಬಾಗಿಲಿಗೆ ಅಡ್ಡ ಬಂದಳು. "ಮೈಲಿಗಿ ಐತಿ. ಗಂಡಸರು ಬರೋತನಕ ಸೊಸಿ ಹೊಸ್ತಿಲ ದಾಟಬಾರ್ದು."

"ದವಾಖಾನಿಗೆ. ಇವರಿಗೂ ಅತ್ತಿಗೆ ಆದಂಗ ಆಗಾಕತ್ತೈತಿ." ನವನೀತಾ ಹುಸೇನಮ್ಮನ ತೋಳು ಬಿಡಲಿಲ್ಲ. "ಅತ್ತಿ ಅರ್ಧ ಗುಳಿಗಿನ ತಗೋತಿದ್ರು ಸ್ರವಂತಿ. ಇನ್ನರ್ಧ ಇವರಿಗೆ. ಮುರಿಯೋದು ನಾ ನೋಡಿದ್ದೆ. ನೋಡಿ ಸುಮ್ನಿದ್ದೆ."

ಚನ್ನವೀರಮ್ಮನ ಕಸಬರಿಗೆ ನಿಂತಿತು.

"ಅಣ್ಣಗ ಗೊತ್ತೈತೇನು?"

"ಇಲ್ಲ."

ಸ್ರವಂತಿ ಹೊರಗೆ ಹೋದಳು. ಅಣ್ಣನನ್ನು ಕರೆಯಲು ಹೋದಳೆಂದೇ ನವನೀತಾ ತಿಳಿದಳು. ಹೆಗಲ ಮೇಲೆ ಹುಸೇನಮ್ಮನ ಭಾರ ಹೆಚ್ಚುತ್ತಿತ್ತು. ಎರಡು ನಿಮಿಷಕ್ಕೆ ಅಂಗಳದ ಮುಂದೆ ಆಟೊ ಬಂದು ನಿಂತಿತು. ಒಳಗಿನಿಂದ ಸ್ರವಂತಿ ಕೈ ಚಾಚಿ, "ಹತ್ತಿಸು," ಎಂದಳು.

ನಾರಾಯಣಪೇಟೆಯ ರಸ್ತೆಗೆ ತಿರುಗುವಾಗ ಗಂಡಸರು ಎದುರಾದರು. ಮಿಂದು ಒದ್ದೆ ಪಂಚೆಯಲ್ಲೇ ಮರಳುತ್ತಿದ್ದರು. ಗಣೇಶ ಆಟೊದೊಳಗೆ ಕೂತವರನ್ನು ಕಂಡು ರಸ್ತೆಗೆ ಇಳಿದು ಕೈಯೆತ್ತಿದ.

"ನಿಂದ್ರಸ್ಲೇನ್ರೀ ಅಕ್ಕ?" ಎಂದ ಆಟೊದವನು.

ನವನೀತಾ ಜಾರುತ್ತಿದ್ದ ಹುಸೇನಮ್ಮನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

"ಬ್ಯಾಡ, ಹೊಡಿ," ಎಂದಳು ಸ್ರವಂತಿ.

ನವನೀತಾ ತಿರುಗಿ ನೋಡಿದಳು. ಧೂಳಿನ ಆಚೆ, ರಸ್ತೆಯ ನಡುವೆ, ಗಂಡ ಎತ್ತಿದ ಕೈ ಇಳಿಸದೆ ಇನ್ನೂ ನಿಂತಿದ್ದ. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು.