ಸುರಂಗ ಬಾವಿಗೆ ಇಳಿದ ಬೆಳಕು

ನಾನು ಒಂದು ಎಲ್‌ಇಡಿ ಟಾರ್ಚು. ಕಾರ್ಖಾನೆಯಲ್ಲಿ ಹುಟ್ಟಿದವನಲ್ಲ. ಬೀದರಿನಲ್ಲಿ ಮೋಟಾರ್ ವೈಂಡಿಂಗ್ ಮಾಡುವ ವೈಜಿನಾಥರ ಅಂಗಡಿಯ ಮೇಜಿನ ಮೇಲೆ ಕಣ್ಣು ಬಿಟ್ಟವನು.

ನನ್ನನ್ನು ಮಾಡಿಸಿದವನು ಘಾಳೆಪ್ಪ. ಹಳೆಯ ಸುರಂಗ ಬಾವಿಗೆ ಇಳಿದು, ತಳದ ಕಾಲುವೆಯಲ್ಲಿ ಬಗ್ಗಿ ನಡೆದು ಹೂಳು ತೆಗೆಯುವುದು ಅವನ ಕೆಲಸ.

"ಕಂದೀಲಿನಾಗ ನನ್ನ ಕೈ ನನಗ ಕಾಣಂಗಿಲ್ರಿ," ಎಂದಿದ್ದ. "ದೊಡ್ಡ ಬೆಳಕ ಬೇಕು. ನಡುವ ಕೈ ಕೊಡಬಾರದು."

ವೈಜಿನಾಥರು ಒಂದು ತಿಂಗಳು ತಲೆ ಕೆಡಿಸಿಕೊಂಡರು. ಬೆಳಕು ಹೆಚ್ಚಿಸಿದರೆ ನಾನು ಕಾದು ಅಂಗೈ ಸುಡುತ್ತಿದ್ದೆ. ಶಾಖ ಹೀರಲೆಂದು ದಪ್ಪ ಅಲ್ಯೂಮಿನಿಯಂ ಮೈ ಕೊಟ್ಟರೆ, ಮಣಿಕಟ್ಟಿಗೆ ಕಟ್ಟಲಾಗದಷ್ಟು ಭಾರವಾಗುತ್ತಿದ್ದೆ. ಬಲ್ಬಿನ ಸುತ್ತ ಬೆಳಕು ಪ್ರತಿಫಲಿಸುವ ಆಳದ ಬಟ್ಟಲು ಕೂರಿಸಿದಾಗ ಬೆಳಕು ದೂರದ ಗೋಡೆಗೆ ಹೋಯಿತು, ಕಾಲಬುಡ ಕತ್ತಲಾಯಿತು. ಕೊನೆಗೆ ಅವರು ಒಂದಿಷ್ಟು ಪ್ರಖರತೆಯನ್ನು ಬಿಟ್ಟುಕೊಟ್ಟರು. ಬೆಳಕು ಅಗಲವಾಗಿ ಹರಡುವಂತೆ ಮಾಡಿದರು. ಬ್ಯಾಟರಿ ಇಳಿದರೂ ಮಂಕಾಗದೆ ಎರಡು ತಾಸು ಒಂದೇ ಸಮ ಉರಿಯುವ ಸರ್ಕ್ಯೂಟ್ ಹಾಕಿದರು. ಅವರಿಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆ ಅದರ ಬಗ್ಗೆಯೇ.

ಎಲ್ಲವನ್ನೂ ತೂಗಿ ನೋಡಿದ್ದರು. ಗಾಳಿಯೊಂದನ್ನು ಬಿಟ್ಟು.

ಬಾವಿಯ ಬಾಯಲ್ಲಿ ಹಗ್ಗ ಹಿಡಿದು ನಿಲ್ಲುವವನು ಘಾಳೆಪ್ಪನ ಹೆಂಡತಿಯ ತಮ್ಮ ಪುಂಡಲೀಕ. ಅವನು ಮೊದಲ ದಿನವೇ ಹೇಳಿದ: "ಕಂದೀಲೂ ಒಯ್ಯಿ ಮಾವ."

"ಒಂದ್ ಕೈಯಾಗ ಸಲಿಕಿ ಹಿಡೀಬೇಕೋ. ಎರಡೆರಡು ದೀಪ ಯಾಕ?"

ನಾಲ್ಕು ತಿಂಗಳು ಚೆನ್ನಾಗಿ ಕಳೆದವು. ಕೆಲಸ ಮುಗಿದ ಮೇಲೆ ಘಾಳೆಪ್ಪ ನನ್ನನ್ನು ತನ್ನ ಟವಲಿನಿಂದಲೇ ಒರೆಸುತ್ತಿದ್ದ.

ಆಮೇಲೆ ಬಹಳ ವರ್ಷ ಮುಚ್ಚಿದ್ದ ಒಂದು ಬಾವಿಯನ್ನು ತೆರೆದರು. ಬೆಳಗಿನ ಹತ್ತು ಗಂಟೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಾವು ಇಳಿದೆವು. ಕಾಲುವೆಯೊಳಗೆ ಇಪ್ಪತ್ತು ಹೆಜ್ಜೆ ಹೋದ ಮೇಲೆ ಘಾಳೆಪ್ಪ ನಿಂತ. "ತಲಿ ಯಾಕೋ ಭಾರ," ಎಂದು ತನಗೆ ತಾನೇ ಅಂದುಕೊಂಡ. ನನ್ನನ್ನು ಎತ್ತಿ ಸುತ್ತ ಹಿಡಿದ. ಎಲ್ಲವೂ ನಿಚ್ಚಳವಾಗಿ ಕಂಡಿತು. ಮುಂದೆ ನಡೆದ.

ಅಲ್ಲಿ ಕಂದೀಲು ಇದ್ದಿದ್ದರೆ ಕುಗ್ಗಿ, ತೊಯ್ದಾಡಿ, ಆರುತ್ತಿತ್ತು. ದೀಪ ಆರಿದರೆ ಗಾಳಿ ಕೆಟ್ಟಿದೆ, ತಿರುಗಬೇಕು ಎಂಬುದು ಅವನಿಗೆ ಗೊತ್ತಿದ್ದ ಪಾಠ. ನನಗೆ ಉಸಿರು ಬೇಕಿಲ್ಲ. ನಾನು ಉರಿದೆ. ಅವನ ಕೈಯಿಂದ ಸಲಿಕೆ ಜಾರಿತು. ಗೋಡೆಗೆ ಒರಗಿದ, ಕುಸಿದ. ಅವನ ಮಣಿಕಟ್ಟಿನಲ್ಲಿದ್ದ ನಾನು ಕೆಸರು ನೀರನ್ನು ಬೆಳಗುತ್ತಲೇ ಇದ್ದೆ; ಆ ಹೊಳಪು ಬಾವಿಯ ತಳದವರೆಗೂ ಬಿದ್ದಿತ್ತು.

ಮೇಲೆ ಜಗದೇವಿ ಗಂಡನಿಗೆ ಬುತ್ತಿ ತಂದಿದ್ದಳು. ಪುಂಡಲೀಕ ಹೇಳಿದ್ದು ನನಗೆ ಕೇಳಿಸಿತು: "ಮಾವ ಕೆಲಸದಾಗ ಅದಾನಕ್ಕ. ನೋಡು, ಬೆಳಕ ಎಷ್ಟ ಚಲೋ ಬಿದ್ದದ."

ಅವಳು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ತಮ್ಮಾ, ಬೆಳಕ ಅಲುಗಾಡವಲ್ಲದು."

ಹಗ್ಗ ಎಳೆದರು. ನಾವು ಮೇಲೆ ಬಂದೆವು. ಘಾಳೆಪ್ಪನಲ್ಲಿ ಉಸಿರಿರಲಿಲ್ಲ. ಯಾರಿಗೂ ನನ್ನನ್ನು ಆರಿಸುವ ನೆನಪಾಗಲಿಲ್ಲ. ಆ ಉರಿಬಿಸಿಲಿನಲ್ಲಿ, ಅವಳ ಅಳುವಿನ ನಡುವೆ, ಎರಡು ತಾಸು ತುಂಬುವವರೆಗೂ ನಾನು ಒಂದೇ ಸಮ ಉರಿದೆ.

ಮೂರನೆಯ ದಿನ ವೈಜಿನಾಥರು ಆ ಮನೆಗೆ ಬಂದು ಕೂತರು. ಜಗದೇವಿ ನನ್ನನ್ನು ಅವರ ಮುಂದಿಟ್ಟಳು.

"ಒಯ್ರಿ ಇದನ್ನ. ಬೆಳಕ ಕೊಡ್ತದ. ಸುದ್ದಿ ಕೊಡಂಗಿಲ್ಲ."

ವೈಜಿನಾಥರು ಬ್ಯಾಟರಿ ತೆಗೆದು ನನ್ನನ್ನು ಅಟ್ಟಕ್ಕೆ ಹಾಕಿದರು. ಮತ್ತೆ ಟಾರ್ಚು ಮಾಡಲಿಲ್ಲ. ಮೈಮೇಲೆ ವರ್ಷಗಟ್ಟಲೆ ಧೂಳು ಕೂತಿತು. ಆ ಕತ್ತಲೆಯಲ್ಲಿ ನನಗೆ ನೆಮ್ಮದಿಯಿತ್ತು.

ಈಚೆಗೆ ಅಂಗಡಿ ಬೇರೆಯವರ ಪಾಲಾಯಿತು. ಹೊಸಬ ಅಟ್ಟ ಗುಡಿಸುವಾಗ ನಾನು ಸಿಕ್ಕೆ. ಹೊಸ ಬ್ಯಾಟರಿ ತುಂಬಿ ಗುಂಡಿ ಒತ್ತಿದ. ಒಮ್ಮೆಯಾದರೂ ನಡುಗಬೇಕು, ಮಂಕಾಗಬೇಕು ಎಂದು ಎಷ್ಟು ಹೆಣಗಿದೆನೋ! ಆಗಲಿಲ್ಲ. ನನ್ನನ್ನು ಮಾಡಿದ್ದೇ ಹಾಗೆ.

"ಅಬ್ಬಾ, ಏನ್ ಬೆಳಕ!" ಎಂದು ಅವನು ನಕ್ಕ. ಈಗ ನಾನು ಅಂಗಡಿಯ ಬಾಗಿಲ ಮುಂದೆ ಮಾರಾಟಕ್ಕೆ, ಹೋಗಿ ಬರುವವರ ಕೈಗೆ ಎಟಕುವಂತೆ ತೂಗುತ್ತಿದ್ದೇನೆ.