ಒಬ್ಬರೇ ಒಳಗಿರಬೇಕು

ರೋಗಿಯನ್ನು ನೋಡಲು ಹೋಗದಿದ್ದರೆ ನಮ್ಮ ಕಡೆ ಸಂಬಂಧ ಮುರಿದಂತೆಯೇ ಲೆಕ್ಕ. ನನ್ನ ಗಂಡ ಸಿಕಂದರ ಆಸ್ಪತ್ರೆಯಿಂದ ಮರಳಿದ್ದು ಗೊತ್ತಾದದ್ದೇ ತಡ, ಜಲನಗರದ ನಮ್ಮ ಮನೆಗೆ ಜನ ಬಂದೇ ಬಂದರು. ಎಲ್ಲರನ್ನೂ ಬಾಗಿಲಿಂದಲೇ ಕಳಿಸಿದೆ. ಬೀಗರ, ನೆಂಟರ ಬಾಯಲ್ಲಿ ಗಯ್ಯಾಳಿಯಾದೆ. ಆಗಲಿ, ಗಂಡ ಉಳಿದರೆ ಸಾಕು.

ಅವರಿಗೆ ರಕ್ತದ ಕ್ಯಾನ್ಸರ್. ಅವರದೇ ಮೂಳೆಮಜ್ಜೆಯ ಕಣಗಳನ್ನು ತೆಗೆದಿಟ್ಟು, ಉಗ್ರ ಔಷಧದಿಂದ ಒಳಗಿನದ್ದೆಲ್ಲ ಸುಟ್ಟು, ಅವೇ ಕಣಗಳನ್ನು ಮರಳಿ ಹಾಕಿದ್ದರು. ಅವು ಬಲಿಯುವವರೆಗೆ ಒಂದು ನೆಗಡಿಯೂ ಜೀವ ತೆಗೆಯಬಹುದು. “ಹತ್ರ ಒಬ್ಬರೇ ಇರ್ರಿ,” ಎಂದಿದ್ದರು ಡಾಕ್ಟರು.

ಅತ್ತೆ ಬೀಬಿಜಾನ ಹೊನವಾಡದಿಂದ ಬಸ್ಸು ಹತ್ತಿ ಬಂದರು. ಚೀಲದ ತುಂಬ ದ್ರಾಕ್ಷಿ.

“ಹಸಿ ಹಣ್ಣು ಕೊಡಂಗಿಲ್ರಿ ಅತ್ತಿ. ಒಳಗೂ ಬರಬ್ಯಾಡ್ರಿ,” ಎಂದೆ.

“ನನ್ನ ಎಲುಬಿನಾಗಿಂದು ತಗೋರಿ ಅಂದ್ನಿ, ಅವಂದ ಸಾಕು ಅಂದ್ರು. ಹಣ್ಣೂ ಬ್ಯಾಡ. ಹಡದಾಕಿ ಮಾರಿನೂ ಬ್ಯಾಡೇನ ಬೇ?”

ಬಾಗಿಲು ಹಾಕಿದೆ. ಹೊರಗೆ ಅತ್ತೆ ಅಳುವುದು ಕೇಳುತ್ತಿತ್ತು.

“ಯಾರ ಬಂದಾರ?” ಒಳಗಿಂದ ಗಂಡ ಕೇಳಿದರು.

“ಯಾರೂ ಇಲ್ರಿ.”

ಅತ್ತೆ ಹಠಮಾರಿ. ಊರಿಗೆ ಹೋಗದೆ ಪಕ್ಕದ ಓಣಿಯಲ್ಲಿ ಮಗಳು ನೂರಜಹಾನಳ ಮನೆಯಲ್ಲಿ ಉಳಿದರು.

ಮರುದಿನ ಗಂಜಿ ಕಾಸುವಾಗ ನನಗೆ ಸೀನು ಬಂತು. ಒಗ್ಗರಣೆಯ ಘಾಟಿರಬೇಕು ಎಂದುಕೊಂಡೆ, ಒಗ್ಗರಣೆ ಹಾಕಿರಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಟಲು ಉರಿದು ಮೈ ಸುಡತೊಡಗಿತು. ಊರನ್ನೆಲ್ಲ ತಡೆದವಳು ನಾನು, ನನ್ನನ್ನು ತಡೆಯುವವರು ಯಾರು? ಸೆರಗನ್ನು ಬಾಯಿಗೊತ್ತಿಕೊಂಡು ಅಂಗಳಕ್ಕೆ ಓಡಿದೆ. ಯಾ ಅಲ್ಲಾ, ಬೆಳಗ್ಗೆ ಇದೇ ಕೈಯಿಂದ ಅವರ ತುಟಿ ಒರೆಸಿದ್ದೆ! ಅಲ್ಲಿಂದಲೇ ಫೋನು ಹಚ್ಚಿದೆ.

“ಅತ್ತಿ, ಲಗೂನ ಬರ್ರಿ. ನನಗ ಜ್ವರ ಬಂದಾವ.”

ಅತ್ತೆ ಬಂದರು. ಚುಚ್ಚುಮಾತು ಒಂದೂ ಆಡಲಿಲ್ಲ. ಅಂಗಳದ ನಳದಲ್ಲಿ ಮೊಣಕೈತನಕ ಸಾಬೂನು ಹಚ್ಚಿ ತೊಳೆದು, ನಾನು ದೂರದಿಂದ ಹೇಳಿದಂತೆ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದರು.

“ಸುಮಯ್ಯಾ, ಎಲ್ಲಿ ಹ್ವಾದಿ?” ಗಂಡನ ದನಿ.

ನನಗರಿವಿಲ್ಲದೆ ಹೊಸ್ತಿಲಿಗೆ ಕಾಲಿಟ್ಟಿದ್ದೆ.

“ಅಲ್ಲೇ ನಿಲ್ಲ ಬೇ,” ಎಂದು ಅತ್ತೆ ಬಾಗಿಲು ಹಾಕಿದರು. ಅವರ ಕಣ್ಣಲ್ಲೂ ನೀರಿತ್ತು. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ.

ಒಳಗೆ ಗಂಡ ಕೆಮ್ಮಿದರು.